ಪೂಜಾರಪ್ಪ ಕೇಳದೇ ಬಿಟ್ಟ ಪ್ರಶ್ನೆ

ನಿಮ್ಮೂರಿನ ಪೂಜಾರಿ ಬೆಳಿಗ್ಗೆ ಗುಡಿ ಬಾಗಿಲು ತೆಗೆಯುವ ಮುಂಚೆ ತಿಂಡಿ ತಿನ್ನುತ್ತಾರೋ?

ಬೈದುಕೊಳ್ಳಬೇಡಿ. ಬರಿಹೊಟ್ಟೆಯಲ್ಲಿ ಮಿಂದು, ಮಡಿಯುಟ್ಟು ದೇವರನ್ನು ಮುಟ್ಟಬೇಕು ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹೋದ ತಿಂಗಳವರೆಗೆ ನನ್ನ ತಲೆಗೂ ಈ ಪ್ರಶ್ನೆ ಬಂದಿರಲಿಲ್ಲ. ಬಂದದ್ದು ನನ್ನ ಅತ್ತೆ ಮನೆ ಊರಿನ ಮಾರಮ್ಮನ ಗುಡಿಯಲ್ಲಿ. ಅದೂ ನಾನು ಹೋಗಿದ್ದದ್ದು ಬೇರೆಯದೇ ಕೆಲಸಕ್ಕೆ.

ಮೊದಲಿಂದ ಹೇಳುತ್ತೇನೆ.

ಕಿರಂಗೂರಿನಿಂದ ಸ್ವಲ್ಪ ಒಳಗಿರುವ ಆ ಊರಿನಲ್ಲಿ ನನ್ನ ಹೆಂಡತಿಯ ತಮ್ಮ ಪುಟ್ಟಸ್ವಾಮಿ ಇದ್ದಾನೆ. (ಹೆಸರು ಬದಲಿಸಿದ್ದೇನೆ. "ಬರೀರಿ ಭಾವ, ಯಾರ್ಗಾದ್ರೂ ಉಪ್ಯೋಗ ಆಗ್ಲಿ" ಅಂತ ಅವನೇ ಅಂದ ಮೇಲೆ ಬರೆಯುತ್ತಿರುವುದು.) ಎರಡು ಸೀಮೆಹಸು ಕಟ್ಟಿದ್ದಾನೆ, ಡೈರಿಗೆ ಹಾಲು ಹಾಕುತ್ತಾನೆ, ಮೈಗಳ್ಳ ಅಲ್ಲ. ಹೋದ ವರ್ಷ ಇದ್ದಕ್ಕಿದ್ದ ಹಾಗೆ ಅವನ ನಿದ್ದೆ ಹಾರಿಹೋಯಿತು. ಆಮೇಲೆ ಕಿವಿಯಲ್ಲಿ ಯಾರೋ ಮಾತಾಡತೊಡಗಿದರು. ಡೈರಿಯಲ್ಲಿ ಕ್ಯೂ ನಿಂತವರೆಲ್ಲ ತನ್ನ ಬಗ್ಗೆಯೇ ಪಿಸುಗುಡುತ್ತಾರೆ ಅಂತ ಅನುಮಾನ. ಗಾಳಿ ಸೋಕಿದೆ ಅಂದರು ಕೆಲವರು. ನಾನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನನ್ನ ಅತ್ತೆ ಮಾರಮ್ಮನ ಹತ್ತಿರ ಹೂವು ಕೇಳಿದರು.

ಹೂವು ಕೇಳುವುದು ಅಂದರೆ ಗೊತ್ತಲ್ಲ? ಪೂಜಾರಿ ಅಮ್ಮನ ಮೈಮೇಲೆ ಎರಡೂ ಕಡೆ ಒದ್ದೆ ಹೂವು ಅಂಟಿಸಿ, ನಮ್ಮ ಪ್ರಶ್ನೆ ಒಪ್ಪಿಸುತ್ತಾರೆ. ಬಲಗಡೆಯ ಹೂವು ಬಿದ್ದರೆ ಆಗುತ್ತೆ, ಎಡಗಡೆಯದು ಬಿದ್ದರೆ ಆಗಲ್ಲ. ಹೆಣ್ಣು ನೋಡುವುದರಿಂದ ಹಿಡಿದು ಬೋರು ಕೊರೆಸುವವರೆಗೆ ಎಲ್ಲದಕ್ಕೂ ಇದೇ. ನನ್ನ ಮಗ ವಾಸಿಯಾಗುತ್ತಾನಾ ತಾಯೀ ಅಂತ ಅತ್ತೆ ಕೇಳಿದರು. ಬಲಗಡೆ ಹೂವಾಯಿತು.

ಪುಟ್ಟಸ್ವಾಮಿ ವಾಸಿಯೂ ಆದ. ನಿದ್ದೆ ಬಂತು, ಕಿವಿಯ ಮಾತು ನಿಂತಿತು, ಹಸುಗಳ ಹತ್ತಿರ ಹೋದ. ಪೂರ್ತಿ ಕ್ರೆಡಿಟ್ಟು ಅಮ್ಮನಿಗೆ. (ಮಾತ್ರೆ ಬರೆದ ಡಾಕ್ಟರಿಗೂ ಇಲ್ಲ, ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದ ಅಳಿಯನಿಗೂ ಇಲ್ಲ.) ಅದಿರಲಿ. ಎಡವಟ್ಟಾದದ್ದು ಮುಂದೆ. ಅಮ್ಮ ವಾಸಿ ಮಾಡಿದ ಮೇಲೂ ಮಾತ್ರೆ ನುಂಗಿದರೆ, ಅಮ್ಮ ಕೊಟ್ಟ ಮಾತನ್ನು ನಂಬಲಿಲ್ಲ ಅಂತ ಆಗುವುದಿಲ್ಲವೇ? ಇದು ಅತ್ತೆಯ ಯೋಚನೆ. ಸಾಲದ್ದಕ್ಕೆ ಮಗನ ಕೈ ನಡುಗುವುದನ್ನು ಬೇರೆ ನೋಡಿದ್ದರು. ಅಮ್ಮ ಮುನಿದಿದ್ದಾಳೆ ಅಂತಲೇ ತೀರ್ಮಾನ ಮಾಡಿ, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು.

ಹೋದ ತಿಂಗಳು ಒಂದು ಬೆಳಿಗ್ಗೆ ಪುಟ್ಟಸ್ವಾಮಿ ಹಾಲಿನ ಕ್ಯಾನನ್ನು ನಾಲೆ ಏರಿಯ ಮೇಲಿಟ್ಟು, ನೀರಿನ ಅಂಚಿನಲ್ಲಿ ನಿಂತು ಯಾರಿಗೋ ಉತ್ತರ ಹೇಳುತ್ತಿದ್ದನಂತೆ. ಅದು ನಾಲೆ ತುಂಬ ನೀರು ಬಿಟ್ಟಿದ್ದ ಕಾಲ. ಕಂಡವರು ಕೈ ಹಿಡಿದು ಮನೆಗೆ ತಂದರು. ಸುದ್ದಿ ಕೇಳಿ ನನ್ನ ಹೆಂಡತಿ ಒಲೆ ಆರಿಸಿ ಹೊರಟೇಬಿಟ್ಟಳು. ನಾನು ಅಂಗಡಿಗೆ ಬಾಗಿಲೆಳೆದು ಹಿಂದೆಯೇ ಹೋದೆ.

ಮಾತ್ರೆ ಕೊಡಿ ಅಂದರೆ ಅತ್ತೆಯದು ಒಂದೇ ಮಾತು. ಅಮ್ಮ ಹೇಳಲಿ, ಕೊಡುತ್ತೇನೆ. ಮಾರನೆಯ ದಿನ ಶುಕ್ರವಾರ. ಹೂವು ಕೇಳುವುದು ಅಂತಾಯಿತು. ಅಲ್ಲಿಯವರೆಗೆ ಹುಡುಗನನ್ನು ಒಂಟಿಯಾಗಿ ಬಿಡಬೇಡಿ ಅಂತ ಮನೆಯವರಿಗೆಲ್ಲ ಹೇಳಿದೆ.

ಆದರೆ ಕೈಕಟ್ಟಿ ಕೂರುವ ಆಸಾಮಿಯಲ್ಲ ನಾನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಪಾಂಡವಪುರದಲ್ಲಿ ಮೋಟಾರ್ ರಿವೈಂಡಿಂಗ್ ಕಲಿತವನು. ಸುಟ್ಟುಹೋದ ಪಂಪ್‌ಸೆಟ್ಟು ನನ್ನ ಅಂಗಡಿಗೆ ಬಂದರೆ ರಿಪೇರಿಯಾಗಿಯೇ ವಾಪಸ್ಸು ಹೋಗೋದು. ಕೆ.ಆರ್. ಪೇಟೆಯವರೆಗೂ ಯಾರನ್ನಾದರೂ ಕೇಳಿ. ಎಲ್ಲಿ ಕೆಟ್ಟಿದೆಯೋ ಅಲ್ಲಿಗೇ ಕೈ ಹಾಕಬೇಕು. ಹಾಗಾಗಿ ಆ ಸಂಜೆ ಪೂಜಾರಪ್ಪನ ಮನೆಗೇ ಹೋದೆ. ನಾಳೆ ಬಲಗಡೆ ಹೂವು ಬೀಳುವ ಹಾಗೆ ಅಂಟಿಸಿ, ಒಂದು ಜೀವ ಉಳಿಯುತ್ತೆ ಅಂದೆ. ಇಷ್ಟು ವರ್ಷ ಹೂವು ಅಂಟಿಸಿದ ಕೈಗೆ ಯಾವುದು ಬೀಳುತ್ತೆ ಅಂತ ಗೊತ್ತಿರೋದಿಲ್ಲವೇ?

ಪೂಜಾರಪ್ಪನ ಮುಖ ಗಂಟಾಯಿತು.

"ಮೋಟ್ರು ಬಿಚ್ಚಿ ಕಟ್ಟಿದಂಗೆ ಅಮ್ಮುನ್ನೂ ಬಿಚ್ಚಿ ಕಟ್ಟಕೆ ಬಂದ್ರಾ ಅಳಿಯಂದ್ರೇ? ಇವತ್ತು ನೀವೇಳ್ದಂಗೆ ಬೀಳ್ಸುದ್ರೆ, ನಾಳೆ ಇನ್ನೊಬ್ಬ ಏಳ್ದಂಗೂ ಬೀಳುಸ್ಬೇಕಾಯ್ತದೆ."

ಹಾಗಾದರೆ ಎಡಗಡೆಯದು ಬಿದ್ದರೆ ಏನು ಗತಿ ಅಂದೆ. ಅವರು ದೀಪ ಹಚ್ಚಲು ಎದ್ದು ಒಳಗೆ ಹೋದರು.

ಶುಕ್ರವಾರ ಗುಡಿ ತುಂಬ ಜನ. ಪುಟ್ಟಸ್ವಾಮಿ ಕಂಬಕ್ಕೆ ಒರಗಿ ಕೂತು ತುಟಿ ಅಲ್ಲಾಡಿಸುತ್ತಿದ್ದ. ಪೂಜಾರಪ್ಪ ಹೂವನ್ನು ನೀರಿಗೆ ಅದ್ದಿಕೊಂಡು, ಏನು ಕೇಳಬೇಕಕ್ಕ ಅಂದರು. ಮಗ ಮಾತ್ರೆ ನುಂಗಬೇಕೋ ಬೇಡವೋ, ಅದನ್ನ ಕೇಳಿ ಅಂದರು ಅತ್ತೆ.

ಪೂಜಾರಪ್ಪ ಹೂವನ್ನು ತಟ್ಟೆಗೇ ವಾಪಸ್ಸು ಹಾಕಿದರು.

"ಇದ್ನ ಅಮ್ಮುನ್ನ ಕೇಳಕಿಲ್ಲ ಕಣಕ್ಕ."

ಯಾಕೆ? ಅತ್ತೆಯೂ ಕೇಳಿದರು, ಊರೂ ಕೇಳಿತು. ಪೂಜಾರಪ್ಪ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಅದರೊಳಗಿಂದ ಒಂದು ಮಾತ್ರೆ ಪಟ್ಟಿ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದರು.

"ನಂಗೆ ಸಕ್ಕರೆ ಕಾಯ್ಲೆ. ದಿನಾ ಬೆಳಿಗ್ಗೆ ಇದ್ನ ನುಂಗಿ, ಇಡ್ಲಿ ತಿಂದೇ ನಾನು ಬಾಗ್ಲು ತಗಿಯೋದು. ನುಂಗ್ಲಾ ಬ್ಯಾಡ್ವಾ ಅಂತ ಒಂದಿನಾನೂ ಅಮ್ಮುನ್ನ ಕೇಳಿಲ್ಲ."

ಹಿಂದಿನಿಂದ ಯಾರೋ ಥೂ ಅಂದರು. ಅತ್ತೆ ಎರಡು ಹೆಜ್ಜೆ ಮುಂದೆ ಬಂದರು.

"ಉಂಡ್ಬುಟ್ಟು ಅಮ್ಮುನ್ನ ಮುಟ್ಟೀಯಾ ಪೂಜಾರಪ್ಪ?"

"ಉಣ್ದೆ ಮುಟ್ಟಕೋಗಿ ಒಂದಿನ ಒಳ್ಗೇ ಬಿದ್ದೋಗಿದ್ದೆ ಕಣಕ್ಕ. ಅಮ್ಮ ಎತ್ಲಿಲ್ಲ. ನಮ್ಮನೆಯವ್ಳೇ ಬಂದು ಎತ್ತುದ್ಲು."

ಒಬ್ಬಿಬ್ಬರು ನಕ್ಕರು. ಮಿಕ್ಕವರ ಮುಖದಲ್ಲಿ ನಗು ಇರಲಿಲ್ಲ. ಆ ಮನುಷ್ಯ ಎಷ್ಟೋ ಕಾಲ ಮುಚ್ಚಿಟ್ಟುಕೊಂಡದ್ದನ್ನು, ತನ್ನ ಅನ್ನಕ್ಕೇ ಕುತ್ತು ಬರುವಂಥದ್ದನ್ನು, ನಮ್ಮ ಪುಟ್ಟಸ್ವಾಮಿಗೋಸ್ಕರ ಬಿಚ್ಚಿಟ್ಟಿದ್ದರು. ಸುಲಭವಾಗಿ ಒಂದು ಹೂವು ಬೀಳಿಸಬಹುದಿತ್ತಲ್ಲ?

ಆಮೇಲೆ ಅವರು ಮಾಡಿದ್ದನ್ನು ನಾವ್ಯಾರೂ ಅಷ್ಟು ದಿನ ಮಾಡಿರಲಿಲ್ಲ. ಪುಟ್ಟಸ್ವಾಮಿಯ ಪಕ್ಕ ನೆಲದ ಮೇಲೆ ಕೂತು, ಅವನನ್ನೇ ಕೇಳಿದರು.

"ಮಾತ್ರೆ ನುಂಗ್ತಿದ್ದಾಗ ಏನಾಯ್ತಿತ್ಲಾ ಮಗ?"

"ನಿದ್ದೆ ಬತ್ತಿತ್ತು. ಕೈ ನಡುಗ್ತಿತ್ತು, ಹಾಲು ಕರಿಯಾಕಾಯ್ತಿರ್ಲಿಲ್ಲ."

"ಈಗ?"

"ಕೈ ನೆಟ್ಟಗವೆ. ಇವ್ರು ಸುಮ್ನಿರಾಕೇ ಬುಡ್ತಿಲ್ಲ."

ಇವರು ಅಂದರೆ ಯಾರು ಅಂತ ಪೂಜಾರಪ್ಪ ಕೇಳಲಿಲ್ಲ. ಇಲ್ಲಿ ಯಾರೂ ಇಲ್ಲ ಕಣೋ ಅಂತ ವಾದಕ್ಕೂ ಇಳಿಯಲಿಲ್ಲ. (ನಾನು ಸಿಕ್ಕಿದಾಗಲೆಲ್ಲ ಇಳಿಯುತ್ತಿದ್ದೆ, ಗೆದ್ದದ್ದಿಲ್ಲ.) ಕೈ ನಡುಗೋದನ್ನ ಡಾಕ್ಟರಿಗೆ ಹೇಳಿದ್ದೆಯಾ ಅಂದರು. ಇಲ್ಲ ಅಂದ. ಹಾಗಾದರೆ ಹೋಗಿ ಹೇಳೋಣ, ನಾನೂ ಬರುತ್ತೇನೆ ಅಂದರು.

ಬಂದರು. ಮಾರನೆಯ ಬೆಳಿಗ್ಗೆ ಹಣೆಯ ತುಂಬ ಕುಂಕುಮ ಇಟ್ಟುಕೊಂಡೇ ಬಸ್ಸು ಹತ್ತಿದರು. ಪೂಜಾರಪ್ಪ ಜೊತೆಗಿದ್ದುದಕ್ಕೋ ಏನೋ, ಎಲ್ಲಿಗೆ ಹೊರಟಿರಿ ಅಂತ ಕೇಳಿದವರಿಗೆ ಅತ್ತೆ ಮೊದಲ ಸಲ ಸುಳ್ಳು ಹೇಳದೆ ಆಸ್ಪತ್ರೆಗೆ ಅಂದರು. ಆಸ್ಪತ್ರೆಯಲ್ಲಿ ಆ ಕುಂಕುಮ ಕಂಡು ಡಾಕ್ಟರು ಜಗಳಕ್ಕೇ ತಯಾರಾದ ಹಾಗಿತ್ತು. ನಡುಕದ ವಿಷಯ ಕೇಳಿದ ಮೇಲೆ ಮೆತ್ತಗಾದರು. ಹಳೆಯ ಮಾತ್ರೆ ಕಮ್ಮಿ ಮಾಡಿ, ನಡುಕಕ್ಕೆ ಬೇರೆ ಬರೆದುಕೊಟ್ಟರು. ಇಂಥವರು ಗುಡಿಗೆ ಬಂದರೆ ಕಟ್ಟಬೇಡಿ, ಹೊಡೆಯಬೇಡಿ, ಉಪವಾಸ ಕೆಡವಬೇಡಿ ಅಂದರು. ಸಾಯುವ ಮಾತಾಡಿದರೆ, ನೀರಿನ ಹತ್ತಿರ ಹೋದರೆ ಒಂಟಿಯಾಗಿ ಬಿಡದೆ ಅವತ್ತೇ ಕರೆತನ್ನಿ ಅಂದರು. ಮಾತ್ರೆ ನಿಲ್ಲಿಸುವುದಾದರೆ ಡಾಕ್ಟರು ಹೇಳಿದ ಮೇಲೇ ನಿಲ್ಲಿಸಬೇಕು ಅಂದರು. ಪೂಜಾರಪ್ಪ ಪಾಠ ಒಪ್ಪಿಸುವವರ ಹಾಗೆ ಅಷ್ಟನ್ನೂ ತಿರುಗಿ ಹೇಳಿದರು.

ವಾಪಸ್ಸು ಬರುವಾಗ ಬಸ್ಸು ಬಾಬುರಾಯನಕೊಪ್ಪಲು ದಾಟಿತು. ಪೂಜಾರಪ್ಪ ನನ್ನ ಕಡೆ ತಿರುಗಿದರು.

"ನಮ್ಮಪ್ಪ ನಂಗೆ ದಾರ ಕಟ್ಟೋದು ಕಲ್ಸುದ್ರು. ಯಾರ್ಗೆ ದಾರ ಕಟ್ಟಿ ಕಳುಸ್ಬೇಕು, ಯಾರ್ನ ಬಸ್ಸತ್ತುಸ್ಬೇಕು ಅಂತ ಯಾರೂ ಕಲುಸ್ಲಿಲ್ಲ ಅಳಿಯಂದ್ರೇ."

ಈ ಮಾತು ನನ್ನ ತಲೆ ಹೊಕ್ಕು ಕೂತಿದೆ. ಅಂಗಡಿಗೆ ಬಂದವರನ್ನೆಲ್ಲ ಕೇಳುತ್ತಿದ್ದೇನೆ. ಮನೆಯಲ್ಲಿ ಯಾರಿಗಾದರೂ ಹೀಗಾದರೆ ಮೊದಲು ಎಲ್ಲಿಗೆ ಹೋಗುತ್ತೀರಿ? ಆಸ್ಪತ್ರೆಗೆ ಅಂದವರು ಅಪರೂಪ. ಗುಡಿ, ದರ್ಗಾ, ಮಠ, ಚರ್ಚು. ನಾಗಮಂಗಲದ ಕಡೆಯ ರೈತರೊಬ್ಬರು, ಅವರ ತಂಗಿಗೆ ಮಾತ್ರೆ ಬಿಸಾಕಿ ಅಂದ ಸ್ವಾಮಿಯೊಬ್ಬರ ವಿಷಯ ಹೇಳಿ ಮೋಟಾರು ಮರೆತು ಕೂತರು. ಶ್ರೀರಂಗಪಟ್ಟಣದ ಮಸೀದಿಯೊಂದರ ಬೋರಿನ ಮೋಟಾರು ನಾನೇ ಕಟ್ಟಿಕೊಟ್ಟದ್ದು. ಅಲ್ಲಿನ ಹಜರತ್ತರು, ತಾಯತ ಕೇಳಲು ಬಂದವರಿಗೆ "ದುವಾ ನನ್ ಕೆಲ್ಸ, ದವಾ ಡಾಕ್ಟರ್ ಕೆಲ್ಸ, ಎರಡೂ ಬೇಕು ಬೇಟಾ" ಅಂತ ಹೇಳಿ ಕಳಿಸುತ್ತಾರಂತೆ. (ದುವಾ ಅಂದರೆ ಪ್ರಾರ್ಥನೆ, ದವಾ ಅಂದರೆ ಔಷಧಿ.) ನಿಮಗೆ ಯಾರು ಕಲಿಸಿದರು ಅಂದೆ. ಯಾರೂ ಇಲ್ಲ, ನನ್ನ ತಮ್ಮ ಹಾಗಿದ್ದ ಅಂದರು. ಇದ್ದ ಅಂದರು, ಇದ್ದಾನೆ ಅನ್ನಲಿಲ್ಲ.

ಪೋಲಿಯೋ ಹನಿ ಹಾಕಿಸಿ ಅಂತ ಮೈಕು ಕಟ್ಟಿಕೊಂಡು ಜೀಪು ಬರುತ್ತೆ. ಒಂದು ದಿನ ಈ ಪೂಜಾರಿಗಳನ್ನು, ಹಜರತ್ತರನ್ನು, ಪಾದ್ರಿಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಆ ಡಾಕ್ಟರು ಹೇಳಿದಷ್ಟನ್ನೇ ಹೇಳಲು ಎಷ್ಟು ಹೊತ್ತು ಬೇಕು?

ಅಂದ ಹಾಗೆ, ಊರಿನ ಯಜಮಾನರು ಬಿಡಲಿಲ್ಲ. ಉಂಡು ಪೂಜೆ ಮಾಡುವ ಪೂಜಾರಿ ಬೇಕೇ ಅಂತ ಸಭೆ ಸೇರಿಸಿದರು. ನಾನು ಇರಲಿಲ್ಲ, ಹೆಂಡತಿ ಬಂದು ಹೇಳಿದ್ದು. ಗಂಡಸರೆಲ್ಲ ಮಾತಾಡಿ ಮುಗಿಸಿದ ಮೇಲೆ ಅತ್ತೆ ಎದ್ದು ನಿಂತರಂತೆ.

"ಪೂಜಾರಪ್ಪ ಉಣ್ದೆ ಬಿದ್ದೋದ್ರೆ, ನನ್ ಮಗುನ್ ಜೊತೆ ಮೈಸೂರ್ಗೆ ನಿಮ್ಮಲ್ಲಿ ಯಾರ್ ಬಂದೀರಿ, ಅದ್ನ ಮೊದ್ಲೇಳಿ."

ಸಭೆ ಅಲ್ಲಿಗೇ ಎದ್ದಿತು. ಪೂಜಾರಪ್ಪ ಇಡ್ಲಿ ತಿಂದೇ ಬಾಗಿಲು ತೆಗೆಯುತ್ತಿದ್ದಾರೆ. ಪುಟ್ಟಸ್ವಾಮಿ ಮಾತ್ರೆ ನುಂಗುತ್ತಿದ್ದಾನೆ, ಹಾಲು ಕರೆಯುತ್ತಿದ್ದಾನೆ. ಕಿವಿಯ ಮಾತು ಪೂರ್ತಿ ನಿಂತಿಲ್ಲ, ದನಿ ಸಣ್ಣದಾಗಿದೆಯಂತೆ.

ಈಗ ಪೂಜಾರಪ್ಪ ಬೀದಿಗೆ ಬಂದರೆ ಸಾಕು, ಥೂ ಅಂದವರೂ ಸೇರಿ ಎಲ್ಲರೂ "ಸಕ್ಕರೆ ಎಂಗದೆ ಪೂಜಾರಪ್ಪ" ಅಂತ ವಿಚಾರಿಸುತ್ತಾರೆ. ಅದೇ ಬೀದಿಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುವ ಪುಟ್ಟಸ್ವಾಮಿಯನ್ನು "ರಾತ್ರಿ ನಿದ್ದೆ ಬಂತೇನ್ಲಾ" ಅಂತ ಕೇಳುವವರು ಆ ಪೂಜಾರಪ್ಪ ಒಬ್ಬರೇ ಯಾಕೆ?