ಕುದುರಿನ ಮನೆಯ ಉಪ್ಪು ಕಾಫಿ

ಕಾಫಿ ಉಪ್ಪಾಗಿತ್ತು.

ಒಂದು ಗುಟುಕು ಕುಡಿದ ಬೆನ್ನಿಬಾಯಿ ಕಪ್ಪನ್ನು ಮೆಲ್ಲಗೆ ಬಸಿಯ ಮೇಲಿಟ್ಟು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಯೇಸುವಿನ ಪಟ ನೋಡಿದೆ. ಇನ್ನೆಲ್ಲಿ ನೋಡಲಿ? ಅವರನ್ನೂ, ಬಹರೇನಿನಿಂದ ರಜೆಯಲ್ಲಿ ಬಂದಿರುವ ಅವರ ಮಗ ಸ್ಟ್ಯಾನಿಯನ್ನೂ ಹೆಣ್ಣು ತೋರಿಸಲೆಂದು ಕಾವೂರಿನಿಂದ ಹೊರಡಿಸಿ, ದೋಣಿ ಹತ್ತಿಸಿ, ಈ ಮನೆಯ ಬೆಂಚಿನ ಮೇಲೆ ಕೂರಿಸಿದವಳು ನಾನೇ.

(ಮಾತೆಲ್ಲ ನಡೆದದ್ದು ಕೊಂಕಣಿಯಲ್ಲಿ. ನಿಮಗೋಸ್ಕರ ನಮ್ಮ ಮಂಗಳೂರು ಕನ್ನಡಕ್ಕೆ ತಂದಿದ್ದೇನೆ.)

ಹುಡುಗಿ ಲೂಸಿ, ನನ್ನ ದೊಡ್ಡಮ್ಮನ ಮಗಳು ಸೆರಾಫಿನಕ್ಕನ ಮಗಳು. ನೇತ್ರಾವತಿಯ ನಡುವಿನ ಒಂದು ಕುದುರಿನಲ್ಲಿ ಅವರ ಮನೆ. ಕುದುರು ಅಂದರೆ ಹೊಳೆಯೇ ಮಣ್ಣು ತಂದು ಹಾಕಿ, ಸುತ್ತ ನೀರು ಬಿಟ್ಟು, ನಡುವೆ ಉಳಿಸಿದ ತುಂಡು ನೆಲ. ಒಂದಷ್ಟು ತೆಂಗು, ಒಂದಷ್ಟು ಮನೆ. ಸೇತುವೆ ಇಲ್ಲ, ರಸ್ತೆ ಇಲ್ಲ. ಲೂಸಿ ದಿನಾ ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು ದೋಣಿ ಹತ್ತುತ್ತಾಳೆ, ದಡದ ಕೆಸರು ದಾಟುತ್ತಾಳೆ, ಇಗರ್ಜಿಯ, ಅಂದರೆ ಚರ್ಚಿನ, ಬಾವಿಕಟ್ಟೆಯಲ್ಲಿ ಕಾಲು ತೊಳೆದು ಜೆಪ್ಪುವಿನ ಟೈಲರ್ ಅಂಗಡಿಗೆ ಹೋಗುತ್ತಾಳೆ. ಪೇಟೆಯ ರವಿಕೆಗಳನ್ನೆಲ್ಲ ಹೊಲಿದು ಅವಳಿಗೆ ಮದುವೆಯ ವಯಸ್ಸು ಮೀರುತ್ತಾ ಬಂದಿದೆ.

ಹುಡುಗಿಯಲ್ಲಿ ಎಂತ ಕೊರತೆ? ಏನೂ ಇಲ್ಲ. ಬಂದ ಸಂಬಂಧಗಳೆಲ್ಲ ನೀರಿನ ಹತ್ತಿರ ಬಂದು ನಿಂತವು. ಕಳೆದ ವರ್ಷ ವಾಮಂಜೂರಿನ ಕಡೆಯವರು ದಡದವರೆಗೆ ಕಾರಿನಲ್ಲಿ ಬಂದು, ದೋಣಿ ನೋಡಿ, ಕೆಸರು ನೋಡಿ, ಅಲ್ಲಿಂದಲೇ ಕಾರು ತಿರುಗಿಸಿದರು. ಇಲ್ಲಿ ಸೆರಾಫಿನಕ್ಕ ಕೋಳಿ ಕೊಯ್ದು ಕಾದದ್ದೇ ಬಂತು. ಈ ಸಲವೂ ತಪ್ಪಿದರೆ ಲೂಸಿ ಇನ್ನು ಯಾರ ಮುಂದೆಯೂ ಟ್ರೇ ಹಿಡಿದು ಬರುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದಳು. ಅದಕ್ಕೇ ನಾನು ಸ್ವತಃ ಹೊರಟದ್ದು. ಮೇ ತಿಂಗಳ ಸೆಕೆ, ಮೌಲ್ಯಮಾಪನ ಮುಗಿಸಿ ನೋಯುವ ಕಣ್ಣು, ಸೊಂಟ ನೋವು. ಆದರೂ ಹೊರಟೆ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವವಳು. ನೈಲ್, ಸಿಂಧೂ, ಯೂಫ್ರೆಟಿಸ್ ಅಂತ ಹೇಳಿ ಹೇಳಿ ನಾಲಿಗೆ ಸವೆದಿದೆ. ನದಿ ಇದ್ದಲ್ಲಿ ನೀರು, ನೀರಿದ್ದಲ್ಲಿ ಬೆಳೆ, ಬೆಳೆ ಇದ್ದಲ್ಲಿ ನಗರ. ಮಕ್ಕಳು ಬರೆಯುತ್ತಾರೆ, ನಾನು ರೈಟ್ ಹಾಕುತ್ತೇನೆ. ಸುಳ್ಳೇನಲ್ಲ. ನಮ್ಮ ಮಂಗಳೂರನ್ನೇ ನೋಡಿ. ಈ ಹೊಳೆಯ ದಡದ ಆವೆಮಣ್ಣು ಸುಟ್ಟು ಹೆಂಚಾಯಿತು, ಹೆಂಚಿನಿಂದ ಕಾರ್ಖಾನೆಯಾಯಿತು, ಕಾರ್ಖಾನೆಯಿಂದ ನಮ್ಮವರ ಅನ್ನವಾಯಿತು. ಲೂಸಿಯ ಅಪ್ಪ ಬದುಕಿದ್ದಷ್ಟು ಕಾಲ ದೋಣಿಯಲ್ಲಿ ಆ ಮಣ್ಣು ಸಾಗಿಸಿದರು. ಈಗ ಜನರಿಗೆ ತಾರಸಿ ಬೇಕು, ಕಾರ್ಖಾನೆಗಳು ಒಂದೊಂದೇ ಬಾಗಿಲು ಹಾಕುತ್ತಿವೆ. ಆದರೆ ನೀರು? ಮೇಲೆ ತುಂಬೆ ಊರಿನಲ್ಲಿ ಪಂಪು ಕೂರಿಸಿ ಅದೇ ಹೊಳೆಯನ್ನು ಪೇಟೆಯ ನಲ್ಲಿಗೆ ತರುತ್ತಾರೆ. ನಂತೂರಿನ ನನ್ನ ಮನೆಯಲ್ಲಿ ಒಂದು ದಿನ ನಲ್ಲಿ ಬಾರದಿದ್ದರೆ ಇಡೀ ಓಣಿಗೆ ಕೇಳುವ ಹಾಗೆ ಕೂಗಾಡುವವಳು ನಾನು.

ಕೆಳಗೆ ಕುದುರಿನವರ ಕಥೆ ಬೇರೆ. ಬೇಸಿಗೆಯಲ್ಲಿ ಮೇಲಿನಿಂದ ಬರುವ ಹೊಳೆ ಸೊರಗುತ್ತದೆ. ಆಗ ಕೆಳಗಿನಿಂದ ಸಮುದ್ರ ಹತ್ತಿ ಬರುತ್ತದೆ. ಹೊಳೆ ಉಪ್ಪು, ಕುದುರಿನ ಬಾವಿಯೂ ಉಪ್ಪು. ಸುತ್ತ ಕಣ್ಣು ಹಾಯಿಸಿದಷ್ಟು ನೀರು, ಕುಡಿಯಲು ಮಾತ್ರ ದಡದಿಂದ ಕೊಡಪಾನ ತುಂಬಿಸಿ ದೋಣಿಯಲ್ಲಿ ತರಬೇಕು. ಇದನ್ನು ಪಾಠದಲ್ಲಿ ಯಾವ ಅಧ್ಯಾಯಕ್ಕೆ ಸೇರಿಸುವುದು? ನನಗೆ ಯೋಚಿಸಿಯೇ ಸುಸ್ತಾಗುತ್ತದೆ.

ಇರಲಿ, ಕಾಫಿಗೆ ಬರುತ್ತೇನೆ.

"ಎಂತ ಟೀಚರ್, ಇವರಲ್ಲಿ ಕಾಫಿಗೆ ಉಪ್ಪು ಹಾಕುವ ಕ್ರಮ ಉಂಟಾ?" ಬೆನ್ನಿಬಾಯಿ ಕೇಳಿದರು. ಅವರ ಫಾರಿನ್ ಸೀರೆಯ ಅಂಚಿಗೆ ದಡದ ಕೆಸರು ಮೆತ್ತಿಕೊಂಡಿತ್ತು. ಹಾಗಾಗಿ ಸ್ವರ ಮೊದಲೇ ಸ್ವಲ್ಪ ಖಾರವಾಗಿತ್ತು.

ಸೆರಾಫಿನಕ್ಕ ಒಳಗಿನಿಂದ ಓಡಿ ಬಂದರು. "ಇಲ್ಲ ಬಾಯಿ, ಬಾವಿಯ ನೀರನ್ನು ನಾನೇ ಬಾಯಿಗೆ ಹಾಕಿ ನೋಡಿದ್ದೇನೆ. ಇವತ್ತು ಸಿಹಿ ಉಂಟು. ದೇವರಾಣೆ!"

ಪಾಪ, ಅವರು ಹೇಳಿದ್ದು ಸುಳ್ಳಲ್ಲ. ಮದುವೆಯಾಗಿ ಬಂದಂದಿನಿಂದ ಆ ನೀರಿನಲ್ಲಿ ಬೇಯಿಸಿದ್ದನ್ನೇ ಉಂಡ ನಾಲಿಗೆ. ಅದಕ್ಕೆ ನಿನ್ನೆಗಿಂತ ಉಪ್ಪು ಕಡಿಮೆ ಇದ್ದರೆ ಅದೇ ಸಿಹಿ.

ಲೂಸಿ ಹಿಂದಿನ ಸಂಜೆಯೇ ತಮ್ಮ ಲ್ಯಾನ್ಸಿಯ ಜೊತೆ ಹೋಗಿ ಇಗರ್ಜಿಯ ಬಾವಿಯಿಂದ ನಿಜವಾದ ಸಿಹಿನೀರು ತಂದಿಟ್ಟಿದ್ದಳು. ಕಾಫಿಗೆ ಅಂತಲೇ. ಆದರೆ ಸೆರಾಫಿನಕ್ಕ ಅಷ್ಟು ಒಳ್ಳೆಯ ನೀರನ್ನು ಬರೀ ಕಾಫಿಗೆ ಯಾಕೆ ಖರ್ಚು ಮಾಡುವುದೆಂದು ಸನ್ನದ ಹಿಟ್ಟು ಕಲಸಲು ಬಳಸಿದ್ದರು. ಸನ್ನ ಅಂದರೆ ನಮ್ಮ ಸೇಂದಿ ಹಾಕಿ ಹುಳಿಬರಿಸಿದ ಇಡ್ಲಿ. ನೆಂಟರು ಬಂದಾಗ ಅದಿಲ್ಲದೆ ಆದೀತೇ?

ನಾನು ಬೇಗಬೇಗ ಸನ್ನದ ತಟ್ಟೆ ಮುಂದೆ ತಳ್ಳಿದೆ. ಬೆನ್ನಿಬಾಯಿ ಒಂದು ತುಂಡು ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು.

ಸಪ್ಪೆ! ಒಂದು ಹರಳು ಉಪ್ಪಿಲ್ಲ. ಯಾಕೆ ಹೇಳಿ? ಬೇಸಿಗೆ ಬಂತೆಂದರೆ ಕುದುರಿನ ಹೆಂಗಸರು ಅಡುಗೆಗೆ ಉಪ್ಪು ಹಾಕುವುದನ್ನೇ ಬಿಟ್ಟುಬಿಡುತ್ತಾರೆ. ನೀರಿನಲ್ಲೇ ಉಂಟಲ್ಲ! ಕೈಗೆ ಅದೇ ಅಭ್ಯಾಸ. ಸಿಹಿನೀರಿನಲ್ಲಿ ಕಲಸುವಾಗ ಉಪ್ಪು ಬೇಕೆಂದು ಆ ಕೈಗೆ ನೆನಪಾಗಲಿಲ್ಲ. ಕಾಫಿ ಉಪ್ಪು, ಸನ್ನ ಸಪ್ಪೆ. ನಗಬೇಕೋ ಅಳಬೇಕೋ? ನನಗೆ ಎರಡಕ್ಕೂ ತ್ರಾಣ ಇರಲಿಲ್ಲ.

ಬೆನ್ನಿಬಾಯಿ ಕೆಟ್ಟವರಲ್ಲ. ಸೊಸೆ ನೋಡಲು ಬಂದ ತಾಯಿ ಕೇಳಬೇಕಾದ್ದನ್ನೇ ಕೇಳಿದರು. "ಟೀಚರ್, ಹುಡುಗಿ ನನಗೆ ಹಿಡಿಸಿದ್ದಾಳೆ. ಆದರೆ ಚೊಚ್ಚಲ ಹೆರಿಗೆ ತವರಲ್ಲೇ ಅಲ್ವಾ? ಬಾಣಂತಿಗೆ ನೀರು ಹಾಕ್ಬೇಕು, ಮಗುವಿಗೆ ಮೀಯಿಸ್ಬೇಕು. ಈ ನೀರಲ್ಲಾ? ರಾತ್ರಿ ಇಳಿತದ ಹೊತ್ತಲ್ಲಿ ನೋವು ಬಂದ್ರೆ ನೀರು ಏರುವವರೆಗೆ ದೋಣಿ ಕಾಯುವುದಾ? ನೀವೇ ಹೇಳಿ."

ಕ್ಲಾಸಿನಲ್ಲಿ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ. ಸೆರಾಫಿನಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಗಳ ಬಾಣಂತನಕ್ಕೆಂದು ಅವರು ತಾಮ್ರದ ಹಂಡೆ ಕಲಾಯಿ ಹಾಕಿಸಿಟ್ಟದ್ದು ನನಗೆ ಗೊತ್ತಿತ್ತು. ಸಂಬಂಧ ಕೈತಪ್ಪಿತು ಅಂತಲೇ ಲೆಕ್ಕ. ನಾನು ಮನಸ್ಸಿನಲ್ಲೇ ವಾಪಸು ಹೋಗುವ ಬಸ್ಸಿನ ಯೋಚನೆ ಮಾಡತೊಡಗಿದೆ.

ಆಗ ಕಣ್ಣಿಗೆ ಬಿತ್ತು. ಸ್ಟ್ಯಾನಿಯ ಕಪ್ಪು ಖಾಲಿ!

ತಾಯಿಗೂ ಕಂಡಿತು. "ಅಯ್ಯೋ, ಹೇಗೆ ಕುಡಿದೆಯೋ ಅದನ್ನು?"

"ಬಹರೇನಿನಲ್ಲಿ ನಾವು ಕುಡಿಯುವುದೂ ಸಮುದ್ರದ ನೀರೇ ಅಲ್ವಾ ಅಮ್ಮಾ," ಅವನು ನಾಚಿಕೊಂಡು ಹೇಳಿದ. "ಮೆಶಿನಲ್ಲಿ ಉಪ್ಪು ತೆಗೆದು ನಲ್ಲಿಯಲ್ಲಿ ಬಿಡ್ತಾರೆ. ಒಂದೊಂದ್ಸಲ ಸ್ವಲ್ಪ ಉಪ್ಪು ಉಳಿದಿರ್ತದೆ. ಅಭ್ಯಾಸ ಆಗಿದೆ."

ಮದುವೆಯಾದರೆ ಹೆಂಡತಿಯನ್ನೂ ಬಹರೇನಿಗೇ ಕರಕೊಂಡು ಹೋಗುವುದೆಂದು ಅವನು ಮೊದಲೇ ಹೇಳಿದ್ದ. ಅಷ್ಟು ಹೊತ್ತು ಟ್ರೇ ಹಿಡಿದು ತಲೆ ತಗ್ಗಿಸಿದ್ದ ಲೂಸಿ ತಲೆ ಎತ್ತಿದಳು. ಹೆಣ್ಣು ನೋಡುವಾಗ ಹೆಣ್ಣು ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅವಳು ಕೇಳಿದಳು.

"ನಲ್ಲಿ ಮನೆಯ ಒಳಗೇ ಉಂಟಾ?"

"ಉಂಟು. ಅಡುಗೆಕೋಣೆಯಲ್ಲೇ."

"ದಿನಾ ಬರ್ತದಾ?"

"ದಿನಾ ಬರ್ತದೆ."

"ಅಲ್ಲಿ ಹೊಳೆ?"

ಸ್ಟ್ಯಾನಿ ನಕ್ಕುಬಿಟ್ಟ. "ಹೊಳೆ ಎಂತದ್ದು ಮಾರಾಯ್ತಿ, ಒಂದು ತೋಡೂ ಇಲ್ಲ. ಮರಳು ಮಾತ್ರ."

ಲೂಸಿ ಟ್ರೇಯನ್ನು ಬೆಂಚಿನ ಮೇಲಿಟ್ಟಳು. "ಹಾಗಾದ್ರೆ ನನಗೆ ಒಪ್ಪಿಗೆ," ಎಂದಳು. ಆಮೇಲೆ ಬೆನ್ನಿಬಾಯಿಯ ಕಡೆ ತಿರುಗಿ, "ಬಾಣಂತನವೂ ಅಲ್ಲೇ ಮಾಡಿಕೊಳ್ತೇನೆ ಬಾಯಿ. ಇಲ್ಲಿಗೆ ಬರುವುದಿಲ್ಲ."

ಬೆನ್ನಿಬಾಯಿಯ ಮುಖ ಅರಳಿತು. ಎದ್ದು ಹೋಗಿ ಅವಳ ಕೆನ್ನೆ ಸವರಿದರು. ಲ್ಯಾನ್ಸಿ ಹೊರಗೆ ಹೋಗಿ ಸಿಳ್ಳೆ ಹಾಕಿದ. ನನಗೆ ಖುಷಿಯಾಯಿತು, ನಿಜವಾಗಿ ಆಯಿತು. ಆದರೆ ಸೆರಾಫಿನಕ್ಕ ಖಾಲಿ ಕಪ್ಪು ತೆಗೆದುಕೊಂಡು ಅಡುಗೆಮನೆಗೆ ಹೋದವರು ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಒಲೆಯ ಮುಂದೆ ಕೂತು ಸೆರಗಿನಲ್ಲಿ ಕಣ್ಣು ಒರೆಸುತ್ತಿದ್ದರು. "ಒಳ್ಳೇದಾಯ್ತಲ್ಲ ಅಕ್ಕ," ಎಂದೆ.

"ಒಳ್ಳೇದೇ ಆಯ್ತು," ಎಂದರು. "ಆದರೆ ಮೊಮ್ಮಗುವಿಗೆ ಒಂದು ದಿನ ಆದ್ರೂ ಈ ಕೈಯಲ್ಲಿ ನೀರು ಹಾಕ್ಬೇಕು ಅಂತ ಇತ್ತು ನನಗೆ."

ಇಡೀ ಪೇಟೆಗೆ ನೀರು ಕುಡಿಸುವ ಹೊಳೆಯ ನಟ್ಟನಡುವೆ ಒಂದು ಎಳೆಮಗುವಿಗೆ ಮೀಯಿಸುವಷ್ಟು ಸಿಹಿನೀರಿಲ್ಲ ಅಂದರೆ, ಆ ಹೊಳೆ ಯಾರದ್ದು ಮಾರಾಯ್ರೇ?