ಕದ್ದರೆ ಮಾತ್ರ ಚಿಗುರುವ ಬಸಳೆ

ಮೊನ್ನೆ ಸಂಜೆ ದೇವನೂರು ಕಡೆಯ ಹೆಂಗಸೊಬ್ಬಳು ಕಡೂರಿನ ನನ್ನ ಔಷಧಿ ಅಂಗಡಿಗೆ ಬಂದಳು. ಮೈಯಲ್ಲಿ ರಕ್ತ ಕಡಿಮೆಯಿದೆಯೆಂದು ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಚೀಟಿ ಎಲ್ಲಿಟ್ಟೆನೋ ಎಂದು ಅವಳು ಕೈಚೀಲವನ್ನು ಕೌಂಟರಿನ ಮೇಲಿಟ್ಟು ಒಳಗೆಲ್ಲ ಕೈಯಾಡಿಸಿದಾಗ ಅದರಲ್ಲಿದ್ದ ಸೊಪ್ಪಿನ ಕಟ್ಟು ಜಜ್ಜಿಹೋಗಿ ಅಂಗಡಿ ತುಂಬ ವಾಸನೆ ಎದ್ದಿತು. ಬಸಳೆ. ಅದಕ್ಕೆ ಹೇಳಿಕೊಳ್ಳುವಂಥ ಪರಿಮಳವೇನಿಲ್ಲ ಎಂದು ನೀವೂ ಬಲ್ಲಿರಿ. ಹಸಿ ಮಣ್ಣಿನದು ಸ್ವಲ್ಪ, ಲೋಳೆಯದು ಸ್ವಲ್ಪ. ಆದರೆ ನನ್ನ ಮೂಗಿಗೆ ಅದು ಸೀಗೆಪುಡಿ, ಹಂಡೆ ಒಲೆಯ ಬೂದಿ, ಬಚ್ಚಲ ನೀರಿನ ತಂಪು ಎಲ್ಲವನ್ನೂ ಕಟ್ಟಿಕೊಂಡೇ ಬರುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ. ಬಾಲ್ಯ ನೆನೆದ ಕೂಡಲೇ ಕಣ್ಣು ತುಂಬಿಕೊಳ್ಳುವವರನ್ನು ನೋಡಿದ್ದೇನೆ. ನನಗೆ ಮೊದಲು ರೇಗುತ್ತದೆ, ಕಣ್ಣೀರೇನಿದ್ದರೂ ಆಮೇಲೆ. ಆ ಹೆಂಗಸಿಗೆ ಮಾತ್ರೆ ಕೊಟ್ಟು ಚಿಲ್ಲರೆ ಕೊಡುವುದನ್ನೇ ಮರೆತು ನಿಂತಿದ್ದೆ, ಅವಳೇ ಕೇಳಿ ತೆಗೆದುಕೊಂಡು ಹೋದಳು.

ನಮ್ಮ ಮನೆಯಿದ್ದದ್ದು ಅಜ್ಜಂಪುರದಲ್ಲಿ, ಈರುಳ್ಳಿ ಮಂಡಿಗಳ ಹಿಂದಿನ ಬೀದಿಯಲ್ಲಿ. ಮುಂದಿನ ಬಾಗಿಲಲ್ಲಿ ಲಾರಿಗಳ ಧೂಳು, ಈರುಳ್ಳಿ ಸಿಪ್ಪೆ. ಹಿಂದಿನ ಬಾಗಿಲು ತೆರೆದರೆ ದೊಡ್ಡಮ್ಮನ ರಾಜ್ಯ. ದೊಡ್ಡಮ್ಮನೆಂದರೆ ಅಪ್ಪನ ಅಣ್ಣನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ, ಹಿತ್ತಲಿತ್ತು. ಬೇಲಿಯ ಉದ್ದಕ್ಕೂ ಚಕ್ರಮುನಿ, ಮೂಲೆಯಲ್ಲಿ ನುಗ್ಗೆ, ಹಸುವಿಗೂ ನಮಗೂ ಸಮಪಾಲಾಗಿ ಅಗಸೆ, ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಒಂದೆಲಗ, ಒಡೆದ ಕೊಡದಲ್ಲಿ ದೊಡ್ಡಪತ್ರೆ. ಇವೆಲ್ಲಕ್ಕೂ ಮೇಲಾಗಿ ಬಚ್ಚಲ ನೀರು ಹೊರಗೆ ಹರಿಯುವ ಜಾಗದಲ್ಲಿ ಚಪ್ಪರ ಹಬ್ಬಿಸಿದ ಬಸಳೆ. ಪ್ರತಿ ವರ್ಷ ಬಿತ್ತುವ ಸೊಪ್ಪುಗಳಾಗಿದ್ದರೆ ಒಂದು ಸಲವಾದರೂ ಬೀಜ ಹುಸಿಹೋಗಿ ನಾವು ಬಚಾವಾಗುತ್ತಿದ್ದೆವೇನೋ. ಇವು ಒಮ್ಮೆ ನೆಟ್ಟರೆ ಮುಗಿಯಿತು, ಮುರಿದಷ್ಟೂ ಚಿಗುರುವ ಜಾತಿ. ನಮ್ಮ ದುರದೃಷ್ಟಕ್ಕೆ ಯಾವುದೂ ಸಾಯುತ್ತಿರಲಿಲ್ಲ. ಮುದ್ದೆಗೆ ಮಸ್ಸೊಪ್ಪು, ಅನ್ನಕ್ಕೆ ತಂಬುಳಿ, ರೊಟ್ಟಿಗೆ ಪಲ್ಯ, ಶೀತವಾದರೆ ದೊಡ್ಡಪತ್ರೆಯ ರಸ, ಪರೀಕ್ಷೆ ಬಂದರೆ ಒಂದೆಲಗ. ಸಂತೆಯಿಂದ ಅಪ್ಪ ಬದನೆಕಾಯಿ ತಂದ ದಿನ ನನಗೆ ಹಬ್ಬ. ದೊಡ್ಡಮ್ಮನಿಗೆ ಅದು ಅವಮಾನ. ಮೇಲಾಗಿ ಅವಳ ಕಟ್ಟಳೆಗಳು ಒಂದೆರಡಲ್ಲ. ಸೊಪ್ಪಿಗೆ ಕಬ್ಬಿಣ ಮುಟ್ಟಿಸಬಾರದು, ಉಗುರಲ್ಲೇ ಚಿವುಟಬೇಕು. ದೀಪ ಹಚ್ಚಿದ ಮೇಲೆ ಗಿಡ ಮಲಗಿರುತ್ತದೆ, ಮುಟ್ಟಬಾರದು. ಮಧ್ಯಾಹ್ನ ಊಟವಾದ ಮೇಲೆ ಅವಳೂ ನನ್ನ ಅಮ್ಮನೂ ಮೊರವೊಂದನ್ನು ನಡುವೆ ಇಟ್ಟುಕೊಂಡು ಹಿಂದಿನ ಜಗುಲಿಯಲ್ಲಿ ಸೊಪ್ಪು ಸೋಸುತ್ತಿದ್ದರು. ಮಾತು ಜಾಸ್ತಿಯಿರುತ್ತಿರಲಿಲ್ಲ. ದಂಟೆಲ್ಲ ಒಂದು ಕಡೆ, ಎಲೆಯೆಲ್ಲ ಒಂದು ಕಡೆ ಬೀಳುತ್ತಿತ್ತು, ಇಬ್ಬರ ಕೈಯ ಬೆರಳೂ ಹಸಿರಾಗಿರುತ್ತಿತ್ತು.

ಈ ಬಸಳೆಯ ವಿಷಯದಲ್ಲಿ ದೊಡ್ಡಮ್ಮನದು ಇನ್ನೂ ಒಂದು ಹಟವಿತ್ತು. ನಮ್ಮ ಬೀದಿಯವರೆಲ್ಲ ಅದನ್ನು ನಂಬಿದ್ದರು ಅನ್ನಿ, ಆದರೆ ಅವಳಷ್ಟು ಗಟ್ಟಿಯಾಗಿ ಯಾರೂ ನಂಬಿರಲಿಲ್ಲ. ನೆಡಲು ಬೇಕಾದ ಬಸಳೆಯ ಹಂಬನ್ನು, ಅಂದರೆ ಬಳ್ಳಿಯ ತುಂಡನ್ನು, ಕೇಳಿ ತೆಗೆದುಕೊಂಡು ಹೋಗಬಾರದು, ಕದಿಯಬೇಕು. ಕೇಳಿ ಒಯ್ದ ಹಂಬು ಚಿಗುರುವುದಿಲ್ಲ. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಕೈಯಿಂದ ಕೈಗೆ ಕೊಟ್ಟರೆ, ಉಪ್ಪನ್ನೋ ಮೆಣಸಿನಕಾಯನ್ನೋ ಕೊಟ್ಟ ಹಾಗೆ, ಎರಡು ಮನೆಗೂ ಜನ್ಮಪೂರ್ತಿ ಜಗಳವಂತೆ. ಎದುರುಮನೆಯ ರತ್ನಕ್ಕನಿಗೆ ಹಂಬು ಬೇಕಾದರೆ ಬಂದು ಚಪ್ಪರದ ಹತ್ತಿರ ಸುಮ್ಮನೆ ಸುಳಿದಾಡುತ್ತಿದ್ದಳು. ದೊಡ್ಡಮ್ಮ ಅರ್ಥ ಮಾಡಿಕೊಂಡು, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಒಳಗೆ ಹೋಗಿ, ಪಾತ್ರೆ ಸದ್ದು ಮಾಡುತ್ತ ಹೊತ್ತು ಕಳೆಯುತ್ತಿದ್ದಳು. ಮಾರನೆಯ ದಿನ ಇಡೀ ಬೀದಿಗೆ ಕೇಳುವ ಹಾಗೆ, ಯಾವಳೋ ಕಳ್ಳಿ ನನ್ನ ಹಂಬು ಮುರಿದುಕೊಂಡು ಹೋದಳು ಎಂದು ಬೈಗುಳ. ಆ ಬೈಗುಳದಲ್ಲಿ ಅವಳ ಮುಖ ಅರಳಿರುತ್ತಿತ್ತು. ಅಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅಮ್ಮನ ತವರು ಸಖರಾಯಪಟ್ಟಣ. ತಾತ ಮೇಷ್ಟರು. ಪಕ್ಕದ ತೋಟದ ತೆಂಗಿನಕಾಯಿ ತಮ್ಮ ಅಂಗಳಕ್ಕೆ ಉದುರಿದರೆ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಿದ್ದ ಮನುಷ್ಯ. ಆ ಮನೆಯಿಂದ ಬಂದವಳಿಗೆ ಕಳ್ಳತನವೇ ಮರ್ಯಾದೆಯಾಗಿದ್ದ ಈ ಬೀದಿ ಕಂಡರೆ ನಗು ಬರದೆ ಇನ್ನೇನು? ಸ್ವಂತ ಮನೆಯ ಹಿತ್ತಲಾದ್ದರಿಂದ ಅವಳು ಯಾವತ್ತೂ ಕದಿಯಬೇಕಾಗಿಯೂ ಬಂದಿರಲಿಲ್ಲ.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಮನೆ ಪಾಲಾಯಿತು. ಯಾಕೆಂದು ಅಪ್ಪನನ್ನು ಕೇಳಿದರೆ ಬಾವಿಯ ಕತೆ ಹೇಳುತ್ತಿದ್ದರು, ದೊಡ್ಡಪ್ಪನನ್ನು ಕೇಳಿದರೆ ದನದ ಕೊಟ್ಟಿಗೆಯ ಕತೆ. ಎರಡಕ್ಕೂ ಒಂದಕ್ಕೊಂದು ಸಂಬಂಧವಿರಲಿಲ್ಲ. ಅಂತೂ ಖಾತೆ ಬೇರೆಯಾಯಿತು, ನಡುಮನೆಯಲ್ಲಿ ಗೋಡೆ ಎದ್ದಿತು, ಹಿತ್ತಲಿನಲ್ಲೂ ಎದೆಮಟ್ಟದ ಗೋಡೆ ಎದ್ದಿತು. ಬಾವಿ ನಮ್ಮ ಕಡೆಗೆ ಬಂತು, ಸೊಪ್ಪೆಲ್ಲ ಅವರ ಕಡೆಗೆ ಹೋಯಿತು. ಗೋಡೆ ಕಟ್ಟಿಸಿದ ಇಬ್ಬರು ಮಹಾಶಯರು ಒಂದು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದರು. ಆಮೇಲೆ ಏನೂ ಆಗೇ ಇಲ್ಲವೆಂಬಂತೆ ಹೋಟೆಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿಯತೊಡಗಿದರು. ಗಂಡಂದಿರ ಮಾನಕ್ಕಾಗಿ ಮಾತು ಬಿಟ್ಟಿದ್ದ ಹೆಂಗಸರು ಮಾತ್ರ ಬಿಟ್ಟೇ ಇದ್ದರು. ನೀನು ಮಾತಾಡು ಎಂದು ಯಾರೂ ಅವರಿಗೆ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅಮ್ಮ ಬಾವಿಯ ಹತ್ತಿರ, ದೊಡ್ಡಮ್ಮ ಚಪ್ಪರದ ಹತ್ತಿರ, ನಡುವೆ ಎದೆಮಟ್ಟದ ಗೋಡೆ, ಇಬ್ಬರ ಕಣ್ಣೂ ನೆಲದ ಮೇಲೆ. ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ನಾನು ಎರಡೂ ಕಡೆಗೆ ಸಲ್ಲುವವಳು. ಸ್ಕೂಲಿನಿಂದ ಬಂದವಳು ಮೊದಲು ದೊಡ್ಡಮ್ಮನ ಮನೆಗೆ ನುಗ್ಗಿ, ಬೇಡವೆಂದರೂ ಬಿಡದೆ ಅವಳು ಬಡಿಸಿದ ಮಸ್ಸೊಪ್ಪು ಮುದ್ದೆ ನುಂಗಿ, ಆಮೇಲೆ ನಮ್ಮ ಮನೆಗೆ ಬರುತ್ತಿದ್ದೆ. ಅಮ್ಮ ನನ್ನ ಬಲಗೈ ಹಿಡಿದು ಮೂಸಿ ನೋಡುತ್ತಿದ್ದಳು. ಇವತ್ತು ಬಸಳೆಯಾ ಎಂದು ಕೇಳುತ್ತಿದ್ದಳು, ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದರಾ ಎಂದು ಕೇಳುತ್ತಿದ್ದಳು. ಆ ಕಡೆ ದೊಡ್ಡಮ್ಮನದೂ ಅದೇ ವಿಚಾರಣೆ, ನಿಮ್ಮಮ್ಮ ಏನು ಮಾಡಿದಳು, ಸಂತೆ ತರಕಾರಿಯೇನಾ, ತೆಳ್ಳಗಾಗಿದ್ದಾಳಾ. ಎರಡೂ ಕಡೆಯ ಸಾರಿನ ವರದಿ ಒಪ್ಪಿಸುವುದೇ ನನ್ನ ಕೆಲಸವಾಯಿತು. ಇಷ್ಟರ ನಡುವೆ ಬಸಳೆಯ ಹಂಬು ಗೋಡೆ ಏರಿ ನಮ್ಮ ಕಡೆಗೆ ಇಳಿಬೀಳತೊಡಗಿತು. ಅಮ್ಮ ನೀರು ಸೇದುವಾಗ ಅದರ ತುದಿ ಅವಳ ತೋಳಿಗೆ ತಗಲುತ್ತಿತ್ತು. ಅವಳು ಮೆಲ್ಲಗೆ ಅದನ್ನು ಎತ್ತಿ ಮತ್ತೆ ಗೋಡೆಯ ಆ ಕಡೆಗೆ ಹಾಕುತ್ತಿದ್ದಳು. ಎರಡು ದಿನಕ್ಕೆ ಅದು ಮತ್ತೆ ಈ ಕಡೆ ಇರುತ್ತಿತ್ತು. ಬಳ್ಳಿಯ ಬುದ್ಧಿಯೇ ಹಾಗೆ ಎಂದುಕೊಂಡಿದ್ದೆ. ವರ್ಷಗಟ್ಟಲೆ ಇದು ನಡೆಯಿತು.

ನಾನು ಪಿಯುಸಿ ಓದುವಾಗ ದೊಡ್ಡಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟರು. ಒಳಗೆ ಮಲಗಲಾರೆನೆಂದು ಹಟ ಮಾಡಿ ಹಿಂದಿನ ಜಗುಲಿಯಲ್ಲೇ ಮಂಚ ಹಾಕಿಸಿಕೊಂಡಳು. ಒಂದು ದಿನ ನಾನು ಅವಳ ಕಾಲು ಒತ್ತುತ್ತಿದ್ದೆ. ಚಪ್ಪರದ ಕಡೆಗೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

“ನಿಮ್ಮಮ್ಮ ಯಾಕೆ ಕದೀಲಿಲ್ಲ ಕಣೇ?”

ನನಗೆ ಅರ್ಥವಾಗಲಿಲ್ಲ. ಏನನ್ನು ಎಂದೆ.

“ಹಂಬು ಎತ್ತೆತ್ತಿ ಗೋಡೆ ಮೇಲಿಂದ ಆ ಕಡೀಕೆ ಹಾಕ್ದೆ. ಅವ್ಳು ವಾಪಸ್ ಹಾಕಿದ್ಲು. ಪಾತ್ರೆ ಬಡ್ಕೊಂಡು ಒಳ್ಗೆ ಕೂತೆ. ಒಂದಿನಾನಾದ್ರೂ ಮುರ್ಕೋಬಾರ್ದಾ? ಕೈಯಾರೆ ಕೊಟ್ಬಿಟ್ಟು ಈ ಜಗಳಾನ ಗಟ್ಟಿ ಮಾಡ್ಲಾ ನಾನು?”

ಬಳ್ಳಿಯ ಬುದ್ಧಿಯಲ್ಲ, ದೊಡ್ಡಮ್ಮನ ಬುದ್ಧಿ. ನನಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ನಮ್ಮ ಮನೆಗೆ ಓಡಿಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಈಗ ಇವಳು ಎದ್ದು ಓಡುತ್ತಾಳೆ ಎಂದುಕೊಂಡಿದ್ದೆ. ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು, ಮುಖವೆಲ್ಲ ಕೆಂಪಾಯಿತು.

“ಬೀದಿಯೋರು ಕದೀತಾರೆ, ಸರಿ. ನಾನೂ ಬೀದಿಯೋಳಾ? ಆ ಮನೆ ಸೊಸೆ ಅಲ್ವಾ ನಾನು? ಒಂದ್ಸಲ, ಒಂದೇ ಒಂದ್ಸಲ, ತಗೋ ಶಾಂತಾ ಅಂತ ಅನ್ನಬಾರ್ದಿತ್ತಾ ಅವ್ರು?”

ಹೇಳಿ, ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು? ಕೊಟ್ಟರೆ ಜಗಳ ಉಳಿದುಬಿಡುತ್ತದೆ ಎಂದು ಒಬ್ಬಳ ಹೆದರಿಕೆ. ಕದ್ದರೆ ತಾನು ಹೊರಗಿನವಳಾಗಿಬಿಡುತ್ತೇನೆ ಎಂದು ಇನ್ನೊಬ್ಬಳ ಸಂಕಟ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ. ಮೊಳದುದ್ದದ ಒಂದು ಹಂಬಿಗಾಗಿ ಅಷ್ಟು ವರ್ಷಗಳನ್ನು ಮಣ್ಣುಪಾಲು ಮಾಡಿದರಲ್ಲ ಎಂದು ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಅವತ್ತು ನಾನು ಸುಮ್ಮನಿರಲಿಲ್ಲ. ಅತ್ತು ಗೋಗರೆದೆ, ಊಟ ಬಿಡುತ್ತೇನೆಂದು ಹೆದರಿಸಿದೆ. ಮೂರನೆಯ ದಿನ ಮಧ್ಯಾಹ್ನ ಅಮ್ಮ ತಲೆ ಬಾಚಿ, ಬೇರೆ ಸೀರೆ ಉಟ್ಟು, ನೆಂಟರ ಮನೆಗೆ ಹೊರಟವಳ ಹಾಗೆ ಬೀದಿಯ ಕಡೆಯಿಂದ ಸುತ್ತಿ ದೊಡ್ಡಮ್ಮನ ಮನೆಗೆ ಬಂದಳು.

ಹಿಂದಿನ ಜಗುಲಿಗೆ ಅಮ್ಮನ ಹೆಜ್ಜೆ ಬಿದ್ದದ್ದು ದೊಡ್ಡಮ್ಮನಿಗೆ ಗೊತ್ತಾಯಿತು. ನಾನು ಮಂಚದ ಪಕ್ಕದಲ್ಲೇ ಇದ್ದೆ, ಅವಳ ಮೈ ಒಮ್ಮೆ ನಡುಗಿದ್ದನ್ನು ನೋಡಿದೆ. ಅಮ್ಮ ಬಾಯಿ ತೆರೆದು ಅಕ್ಕಾ ಎನ್ನುವಷ್ಟರಲ್ಲಿ ದೊಡ್ಡಮ್ಮ ಸರಕ್ಕನೆ ಗೋಡೆಯ ಕಡೆಗೆ ಮುಖ ತಿರುಗಿಸಿ, ಕಣ್ಣು ಮುಚ್ಚಿ, ಗೊರಕೆ ಹೊಡೆಯತೊಡಗಿದಳು. ಅಂಥ ಸುಳ್ಳು ಗೊರಕೆಯನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ನೋವಿನಲ್ಲಿ ಉಸಿರೆಳೆಯಲೂ ಆಗದವಳು, ಶಾಂತಾ ಕದಿಯಲಿ ಎಂದು ಅಷ್ಟು ಜೋರಾಗಿ ಗೊರಕೆ ಹೊಡೆಯುತ್ತಿದ್ದಳು. ಮುರಿದುಕೋ ಎಂದು ನಾನು ಅಮ್ಮನಿಗೆ ಕೈಸನ್ನೆ ಮಾಡಿದೆ, ಸೆರಗು ಹಿಡಿದು ಚಪ್ಪರದ ಕಡೆಗೆ ಎಳೆದೆ. ಅಮ್ಮ ಕೈ ಕೊಸರಿಕೊಂಡಳು. ಮಲಗಿದ್ದಾರೆ, ಏಳಲಿ, ಕೇಳಿಯೇ ತಗೋತೀನಿ ಎಂದು ಪಿಸುಗುಟ್ಟಿ ಮಂಚದ ಅಂಚಿನಲ್ಲಿ ಕೂತುಬಿಟ್ಟಳು.

ಆಮೇಲೆ ಇಡೀ ಮಧ್ಯಾಹ್ನ ಹಾಗೇ ಕಳೆಯಿತು. ಒಬ್ಬಳು ಏಳುವುದಿಲ್ಲ, ಇನ್ನೊಬ್ಬಳು ಕದಿಯುವುದಿಲ್ಲ. ಅಮ್ಮ ಸುಮ್ಮನೆ ಕೂರಲಾರದೆ ಸೆರಗಿನಿಂದ ದೊಡ್ಡಮ್ಮನ ಮುಖಕ್ಕೆ ಮುತ್ತುತ್ತಿದ್ದ ನೊಣ ಓಡಿಸಿದಳು, ಸರಿದಿದ್ದ ಹೊದಿಕೆಯನ್ನು ಪಾದದ ಮೇಲೆ ಎಳೆದಳು. ಸ್ವಲ್ಪ ಹೊತ್ತಿಗೆ ಗೊರಕೆ ನಿಂತಿತು. ನಿಜವಾಗಿಯೂ ನಿದ್ದೆ ಬಂದಿತ್ತೋ, ನಾಟಕ ಸಾಕಾಗಿತ್ತೋ ತಿಳಿಯಲಿಲ್ಲ. ನಾನು ಇಬ್ಬರನ್ನೂ ಮನಸ್ಸಿನಲ್ಲೇ ಬೈಯುತ್ತ ಕಂಬಕ್ಕೆ ಒರಗಿ ಕೂತಿದ್ದೆ. ಅಷ್ಟು ವರ್ಷಗಳ ಮೇಲೆ ಅವರಿಬ್ಬರೂ ಒಂದೇ ಜಗುಲಿಯಲ್ಲಿ ಅಷ್ಟು ಹೊತ್ತು ಇದ್ದದ್ದು ಅದೇ ಮೊದಲು. ಬೈಯುವುದನ್ನು ಬಿಟ್ಟು ಕಣ್ತುಂಬ ನೋಡಿಕೊಳ್ಳಬೇಕಿತ್ತು ಎಂದು ಆಗ ಹೊಳೆಯಲಿಲ್ಲ. ದೀಪ ಹಚ್ಚುವ ಹೊತ್ತಾಯಿತು. ಇನ್ನು ಕೇಳಿದರೂ ಗಿಡ ಮುಟ್ಟುವ ಹಾಗಿಲ್ಲ. ನಾಳೆ ಬರುತ್ತೇನೆಂದು ನನಗೆ ಹೇಳಿ ಅಮ್ಮ ಎದ್ದಳು. ಮಾರನೆಯ ಬೆಳಿಗ್ಗೆ ದೊಡ್ಡಮ್ಮನಿಗೆ ಪ್ರಜ್ಞೆ ತಪ್ಪಿತು. ಮತ್ತೆ ಅವಳು ಕಣ್ಣು ತೆರೆಯಲೇ ಇಲ್ಲ.

ತಿಥಿಯ ದಿನ ಜನರೆಲ್ಲ ಊಟಕ್ಕೆ ಕೂತಿದ್ದಾಗ ಅಮ್ಮ ಕಾಣಲಿಲ್ಲ. ಹುಡುಕಿಕೊಂಡು ಹಿತ್ತಲಿಗೆ ಹೋದರೆ ಚಪ್ಪರದ ಕೆಳಗೆ ನಿಂತಿದ್ದಳು. ಸುತ್ತ ಒಮ್ಮೆ ನೋಡಿ, ಒಂದು ಹಂಬು ಚಿವುಟಿ, ಸೆರಗಿನೊಳಗೆ ಅಡಗಿಸಿಕೊಂಡು, ಮೇಷ್ಟರ ಮಗಳು ದಡದಡನೆ ಓಡಿದಳು. ಈ ಬುದ್ಧಿ ಎರಡು ವಾರದ ಹಿಂದೆ ಎಲ್ಲಿತ್ತು ಎಂದು ಕೂಗಬೇಕೆನಿಸಿತು. ಆ ಹಂಬು ನಮ್ಮ ಬಚ್ಚಲ ಹಿಂದೆ ಚಿಗುರಿತು, ಚಪ್ಪರ ತುಂಬಿತು. ಅಮ್ಮ ಅದರ ಮಸ್ಸೊಪ್ಪು ಮಾಡಿ ನಮಗೆಲ್ಲ ಬಡಿಸಿ ತಾನು ಮಜ್ಜಿಗೆ ಅನ್ನ ಉಣ್ಣುತ್ತಿದ್ದಳು. ಯಾಕೆಂದು ಯಾರಾದರೂ ಕೇಳಿದರೆ ಹೊಟ್ಟೆಗೆ ಆಗುವುದಿಲ್ಲ ಎನ್ನುತ್ತಿದ್ದಳು.

ಈಗ ಅವರ್‍ಯಾರೂ ಇಲ್ಲ. ದೊಡ್ಡಪ್ಪ, ಅಪ್ಪ, ಕೊನೆಗೆ ಅಮ್ಮ. ಎರಡು ಪಾಲನ್ನೂ ಮಂಡಿಯವರೊಬ್ಬರು ಕೊಂಡು ಈರುಳ್ಳಿ ಗೋದಾಮು ಕಟ್ಟಿದ್ದಾರೆ. ಹಿತ್ತಲ ಗೋಡೆಯನ್ನು ಜೆಸಿಬಿ ಒಂದೇ ಏಟಿಗೆ ಕೆಡವಿತಂತೆ. ನೆಲಕ್ಕೆಲ್ಲ ಕಾಂಕ್ರೀಟು, ಎಷ್ಟು ಹಟಮಾರಿ ಬೇರಾದರೂ ಅದನ್ನು ಸೀಳಿ ಬರಲಾರದು. ಸೊಪ್ಪು ಬೇಡವೆಂದು ಅಳುತ್ತಿದ್ದ ನಾನು ಈಗ ಇಲ್ಲಿ ಕೂತು ಊರಿನವರಿಗೆಲ್ಲ ಕಬ್ಬಿಣದ ಮಾತ್ರೆ ಮಾರುತ್ತಿದ್ದೇನೆ.

ಅಮ್ಮನ ಕೊನೆಯ ದಿನಗಳಲ್ಲಿ ನಾನು ಅಜ್ಜಂಪುರಕ್ಕೆ ಹೋಗಿದ್ದೆ. ರತ್ನಕ್ಕನ ಹೊಸ ಸೊಸೆ, ತರೀಕೆರೆಯ ಕಡೆಯ ಹುಡುಗಿ, ನಮ್ಮ ಹಿತ್ತಲಿಗೆ ಬಂದು, ಆಂಟಿ ಒಂದು ಹಂಬು ಕೊಡ್ತೀರಾ ಎಂದು ನಯವಾಗಿ ಕೇಳಿದಳು. ಅಮ್ಮ ಉತ್ತರ ಕೊಡದೆ ಎದ್ದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಹುಡುಗಿಯ ಮುಖ ಸಣ್ಣದಾಯಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮುಂದಿನ ಬಾಗಿಲಿನಿಂದ ಸುತ್ತಿ ಬಂದು, ಒಂದು ಮಾತಾಡಿದ್ದರೆ ಏನಾಗುತ್ತಿತ್ತು ಎಂದು ಬೈಯಲು ಅಡಿಗೆಮನೆಗೆ ನುಗ್ಗಿದೆ. ಅಮ್ಮ ಸುಮ್ಮನಿರು ಎಂದು ಕೈ ಎತ್ತಿದಳು. ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಹತ್ತಿರ ಹೋದಾಗ ಕೇಳಿಸಿತು. ತಗೋ, ತಗೋ ತಾಯಿ ಎನ್ನುತ್ತಿದ್ದಳು, ಹೊರಗಿನವಳಿಗೆ ಕೇಳಿಸದ ಹಾಗೆ.