ಏಳು ಮೀನು ತಂದ ಅವಸರ

ಬೀಗರಾಗಲಿದ್ದವರ ಕೈಗೆ ಉಪ್ಪಿಟ್ಟಿನ ತಾಟು ಕೊಡುತ್ತಿದ್ದಾಗಲೇ, ಅವರೆದುರಿನ ಗಾಜಿನ ಪೆಟ್ಟಿಗೆಯಲ್ಲಿ ಮೂರನೆಯ ಮೀನು ಹೊಟ್ಟೆ ಮೇಲಾಗಿ ತೇಲಿತು. ಅವರು ನನ್ನ ಮಗಳು ಶಾಂತಾಳನ್ನು ನೋಡಲು ಮುಂಡರಗಿಯಿಂದ ಬಂದಿದ್ದರು. ಬೆಟಗೇರಿಯಲ್ಲಿ ಯಾರ ಮನೆಯಲ್ಲೂ ಇಲ್ಲದ ಸಮುದ್ರದ ಮೀನು ತೋರಿಸಿ ಮೆರೆಯಬೇಕೆಂದು, ನಾನೇ ಕಾರವಾರದಿಂದ ಬಸ್ಸಿನಲ್ಲಿ ಕ್ಯಾನುಗಟ್ಟಲೆ ಉಪ್ಪುನೀರು ಮತ್ತು ಏಳು ಮೀನು ತಂದಿದ್ದೆ.

ಮೀನು ಕೊಟ್ಟ ಮುದುಕ ಹೇಳಿಯೇ ಇದ್ದ: ತಿಂಗಳೊಪ್ಪತ್ತು ಬರೀ ನೀರು, ಕಲ್ಲು ಇಡಿ. ಆಮೇಲೆ ಒಂದೇ ಒಂದು ಮೀನು ಬಿಡಿ, ಅದು ಬದುಕಿದರೆ ಮತ್ತೊಂದು. ಮೂವತ್ತು ವರ್ಷ ಮಗ್ಗದ ಮುಂದೆ ಕುಳಿತ ನನಗೇ ತಾಳ್ಮೆಯ ಪಾಠವೇ ಎಂದು ನಕ್ಕಿದ್ದೆ. ಬೀಗರ ಕಣ್ಣಿಗೆ ಬರಿದಾದ ಪೆಟ್ಟಿಗೆ ಬೀಳಬಾರದೆಂದು ಏಳನ್ನೂ ಹಿಂದಿನ ದಿನವೇ ಬಿಟ್ಟಿದ್ದೆ.

"ಹುಡುಗಿ ಮನಸ್ಸಿಗೆ ಬಂದಾಳ್ರಿ, ತಡಾ ಮಾಡೂದು ಬ್ಯಾಡ" ಎಂದು ಬಂದವರು ಎದ್ದರು. ಅವರನ್ನು ಬಸ್ಸು ಹತ್ತಿಸಿ ಬಂದಾಗ, ಶಾಂತಾ ಸತ್ತ ಏಳೂ ಮೀನುಗಳನ್ನು ಬಾಳೆ ಎಲೆಯ ಮೇಲೆ ಸಾಲಾಗಿ ಇಟ್ಟುಕೊಂಡು ಕುಳಿತಿದ್ದಳು. ಕಾಲೇಜು ಮುಗಿಯಲಿ, ಆಮೇಲೆ ಮದುವೆ ಎಂದು ತಿಂಗಳಿಂದ ನನ್ನನ್ನು ಬೇಡಿಕೊಂಡವಳು ಅವಳು.

"ಅಪ್ಪಾ, ಇವಕ್ಕೂ ಇನ್ನೊಂದೀಟು ದಿನಾ ಕೊಡಬೇಕಿತ್ತು" ಎಂದಳು.

ಮೀನಿನ ಮಾತಷ್ಟೇ ಎಂದುಕೊಂಡು, "ಮತ್ತ ತಂದರಾತು ಬಿಡವಾ" ಎಂದುಬಿಟ್ಟೆ.

ಅದೇ ತಿಂಗಳು ಮದುವೆ ಮಾಡಿದೆ. ಈಗ ತವರಿಗೆ ಬಂದರೆ, ಉಪ್ಪುಗಟ್ಟಿದ ಆ ಖಾಲಿ ಪೆಟ್ಟಿಗೆಯ ಪಕ್ಕ ಕೂತು ಕೇಳಿದ್ದಕ್ಕೆಲ್ಲ ಬರೀ 'ಹೂಂ' ಅನ್ನುತ್ತಾಳೆ. ಮೀನನ್ನಾದರೆ ಮತ್ತೆ ತರಬಹುದಿತ್ತು.